ಎಡಕ್ಕೆ ತಂತಿ, ಬಲಕ್ಕೆ ಬೆಳಕು

ಬಂದರಿನ ಮುಳುಗುಗಾರರ ಶೆಡ್ಡಿನಲ್ಲಿ ಬೆಸುಗೆಮ್ಮನಿಗೆ ಎದುರು ನಿಲ್ಲುವ ಧೈರ್ಯ ಎರಡಕ್ಕೆ ಮಾತ್ರ ಇತ್ತು. ಒಂದು ಸಮುದ್ರ, ಇನ್ನೊಂದು ಅವಳ ಸೊಸೆ. ಸಮುದ್ರವನ್ನು ಅವಳು ಇಪ್ಪತ್ತಾರು ವರ್ಷಗಳಿಂದ ಕ್ಯಾಮೆರಾ ಪೆಟ್ಟಿಗೆಯ ಹೊರಗೇ ನಿಲ್ಲಿಸಿದ್ದಳು. ಸೊಸೆಯನ್ನು ಹಾಗೆ ನಿಲ್ಲಿಸುವಂತಿರಲಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು, ಎದುರು ಬದುರು ಕುರ್ಚಿ.

ಬೆಸುಗೆಮ್ಮನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತವಳು, ಗಂಡ ತೀರಿಕೊಂಡ ವರ್ಷ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಈ ಶೆಡ್ಡಿಗೆ ಬಂದಳು. ಬಂದ ವಾರದಲ್ಲೇ ಉತ್ತರದ ಕಿಟಕಿಯ ಕೆಳಗೆ ತನಗೊಂದು ಮೇಜು ಹಾಕಿಸಿಕೊಂಡಳು. ಅಂದಿನಿಂದ ಆ ಮೇಜಿನ ಮೇಲೆ ಯಾರೂ ಟೀ ಲೋಟ ಇಟ್ಟವರಿಲ್ಲ. ಒಮ್ಮೆ ಇಟ್ಟವನು ಆಮೇಲೆ ಬದುಕಿಡೀ ನಿಂತುಕೊಂಡೇ ಟೀ ಕುಡಿದ ಎಂದು ಶೆಡ್ಡಿನವರು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಜೆಟ್ಟಿಯ ಕಂಬ, ಹಡಗಿನ ತಳ, ಸಮುದ್ರದಡಿಯ ಕೊಳವೆ ಇವುಗಳ ಫೋಟೋ ತೆಗೆಯಲು ಮುಳುಗುಗಾರರು ಕ್ಯಾಮೆರಾವನ್ನು ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಇಟ್ಟು ಕೆಳಗೆ ಒಯ್ಯುತ್ತಾರೆ. ಅದನ್ನು ಹೌಸಿಂಗ್ ಎನ್ನುತ್ತಾರೆ. ಹತ್ತು ಮೀಟರ್ ಇಳಿದರೆ ಕೆಂಪೂ ಇಲ್ಲ, ಹಳದಿಯೂ ಇಲ್ಲ, ಎಲ್ಲ ಪಾಚಿ ಬಣ್ಣ. ಅದಕ್ಕೇ ಹೌಸಿಂಗಿನ ಎರಡು ಬದಿಗೆ ಎರಡು ತೋಳು, ಒಂದೊಂದು ತೋಳಿನ ತುದಿಗೂ ಒಂದೊಂದು ಸ್ಟ್ರೋಬ್. ಫೋಟೋ ತೆಗೆದ ಕ್ಷಣಕ್ಕೆ ಸರಿಯಾಗಿ ಫಳ್ಳೆಂದು ಮಿಂಚಿ ಆರುವ ದೀಪ ಅದು. ಒಳಗಿರುವ ಕ್ಯಾಮೆರಾ ‘ಈಗ’ ಎಂದದ್ದು ಹೊರಗಿರುವ ಸ್ಟ್ರೋಬಿಗೆ ತಲುಪಬೇಕಲ್ಲ, ಆ ಒಂದು ಮಾತನ್ನು ದಾಟಿಸುವ ತಂತಿ ಬೆಸುಗೆಮ್ಮನದು. ಹೌಸಿಂಗಿಗೆ ತೂತು ಕೊರೆದು, ಸಾಕೆಟ್ ಕೂರಿಸಿ, ಐದು ಪಿನ್ನುಗಳಿಗೆ ಐದು ಎಳೆ ಬೆಸೆದು, ರಬ್ಬರ್ ರಿಂಗಿಗೆ ಗ್ರೀಸ್ ಸವರಿ ಅವಳು ತಿರುಪಿ ಬಿಗಿದಳೆಂದರೆ ನೀರು ಒಳಗೆ ಬರುವ ಆಸೆಯನ್ನೇ ಬಿಡಬೇಕಿತ್ತು.

ಎರಡು ತಿಂಗಳ ಹಿಂದೆ ಮಾತ್ರ ನೀರು ಆಸೆ ಬಿಡಲಿಲ್ಲ. ಹದಿನೆಂಟು ಮೀಟರ್ ಆಳದಲ್ಲಿ ಒಂದು ಸಾಕೆಟ್ಟಿನ ತಿರುಪಿನ ಸವೆದ ಮರೆಯಿಂದ ಒಳನುಗ್ಗಿ ಕ್ಯಾಮೆರಾವನ್ನು ಮುಗಿಸಿಬಿಟ್ಟಿತು. ಅದೇ ಶೆಡ್ಡಿನಲ್ಲಿ ಮುಳುಗುಗಾರ್ತಿಯಾಗಿದ್ದ ಸೊಸೆ ಮೇಲೆ ಬಂದಾಗ ಹೌಸಿಂಗಿನೊಳಗೆ ಅರ್ಧ ನೀರು ತುಳುಕುತ್ತಿತ್ತು. ಅವಳು ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು, ಜಗಳವಾಡಿ ಮುಗಿಸಬಹುದಿತ್ತು. ಬದಲಿಗೆ ಅವಳು ಸೀದಾ ಹೋಗಿ ಫೈಬರ್ ದಾರ ತರಿಸಿದಳು.

ಅದು ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ದಾರ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಹೌಸಿಂಗಿನೊಳಗೆ ಒಂದು ಪುಟ್ಟ ದೀಪ ಮಿನುಗುತ್ತದೆ, ಆ ಮಿನುಗು ಗಾಜಿನ ಕಿಂಡಿಯನ್ನು ದಾಟಿ ದಾರದೊಳಗೆ ಓಡಿ ಸ್ಟ್ರೋಬಿನ ಕಣ್ಣಿಗೆ ಬೀಳುತ್ತದೆ, ಸ್ಟ್ರೋಬ್ ಮಿಂಚುತ್ತದೆ. ತೂತು ಬೇಡ, ಸಾಕೆಟ್ ಬೇಡ. ಬೆಸುಗೆಯಂತೂ ಬೇಡವೇ ಬೇಡ.

“ಇದೇನು, ಮಕ್ಕಳಾಟದ ಸಾಮಾನು ತಂದಿದೀಯಾ?” ಎಂದು ಬೆಸುಗೆಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ನೀರಿಗೆ ದಾರಿನೇ ಇರಲ್ಲ ಅತ್ತೆ ಇದ್ರಲ್ಲಿ.”

“ಮಿಂಚೋಕೂ ದಾರಿ ಇರಲ್ಲ ಬಿಡು.”

ಟಗ್ ಬೋಟಿನ ಎಂಜಿನ್ ನೋಡಿಕೊಳ್ಳುವ ಮಗ ಇಬ್ಬರ ನಡುವೆ ಕೂತು ಊಟ ಮಾಡುತ್ತಿದ್ದ. ಅಮ್ಮ ಕೇಳಿದರೆ ತಂತಿ ಗಟ್ಟಿ ಎನ್ನುತ್ತಿದ್ದ, ಹೆಂಡತಿ ಕೇಳಿದರೆ ದಾರ ಹಗುರ ಎನ್ನುತ್ತಿದ್ದ. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತ ಎರಡು ತಿಂಗಳು ಹೊಟ್ಟೆ ತುಂಬ ಉಂಡ.

ಕೊನೆಗೆ ತೀರ್ಮಾನಕ್ಕೆ ಬಂದವರು ಬಂದರಿನ ಇಂಜಿನಿಯರ್. ಫೆರ್ರಿ ಜೆಟ್ಟಿಯ ನಲವತ್ತೆರಡು ಕಂಬಗಳ ಫೋಟೋ ಆಗಬೇಕಿತ್ತು. ಎರಡು ನಮೂನೆ ಸಾಮಾನು ಇಟ್ಟುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ.

“ಒಂದೇ ಹೌಸಿಂಗು. ಎಡಗಡೆ ಸ್ಟ್ರೋಬಿಗೆ ತಂತಿ, ಬಲಗಡೆದಕ್ಕೆ ಬೆಳಕಿನ ದಾರ. ಮೂರನೇ ಕಂಬ, ನಲವತ್ತು ಫೋಟೋ. ಯಾವ ಕಡೆ ಕತ್ತಲೆ ಇರುತ್ತೋ ಆ ಕಡೆಯವರು ಸೋತ್ರು,” ಎಂದರು ಇಂಜಿನಿಯರ್. ಆಮೇಲೆ ಕಿಟಕಿಯ ಕೆಳಗಿನ ಮೇಜನ್ನು ನೋಡುತ್ತ, ಸ್ವಲ್ಪ ಮೆತ್ತಗೆ ಇನ್ನೊಂದು ಮಾತು ಸೇರಿಸಿದರು. “ಬೆಳಕಿನ ದಾರ ಗೆದ್ರೆ ಬೆಸುಗೆ ಕೆಲಸ ಇರಲ್ಲ ಅಮ್ಮ. ಆ ಮೂಲೆಗೆ ಸಿಲಿಂಡರಿಗೆ ಗಾಳಿ ತುಂಬೋ ಹೊಸ ಕಂಪ್ರೆಸರ್ ಬರುತ್ತೆ. ನಿಮಗೆ ಸ್ಟೋರಲ್ಲಿ ಹಗ್ಗ, ಕೈಗವಸು ಕೊಡೋ ಕೆಲಸ ಇದೆ. ಆರಾಮಾಗಿ ಕೂತ್ಕೊಳ್ಳಬಹುದು.”

ಆರಾಮ ಎಂಬ ಮಾತಿಗೆ ಬೆಸುಗೆಮ್ಮನ ಮೈ ಉರಿಯಿತು. ಕೈಗವಸು ಎಣಿಸಿ ಕೊಡುವುದಕ್ಕೆ ಅವಳು ಹುಟ್ಟಿರಲಿಲ್ಲ. ಆ ಮೇಜು ಹೋದರೆ ತಾನು ಶೆಡ್ಡಿನಲ್ಲಿ ಇದ್ದೂ ಇಲ್ಲದವಳು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೆದರಿಕೆ ಎಳ್ಳಷ್ಟೂ ಆಗಲಿಲ್ಲ. ಗೆಲ್ಲುವುದು ತಾನೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

“ಕಂಪ್ರೆಸರಿಗೆ ಬೇರೆ ಮೂಲೆ ಹುಡುಕಿ ಇಡಿ ಸಾಹೇಬ್ರೇ,” ಎಂದಳು.

ಪಂದ್ಯದ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬಂದಳು. ಹಿಂದಿನ ದಿನವೇ ಸೊಸೆ ತನ್ನ ಬಲಗಡೆಯ ಸ್ಟ್ರೋಬನ್ನು ಅಣಿ ಮಾಡಿಟ್ಟಿದ್ದಳು. ಬೆಸುಗೆಮ್ಮ ಎಡಗಡೆಯ ತಂತಿಗೆ ಮಲ್ಟಿಮೀಟರ್ ಹಿಡಿದು ಐದೂ ಪಿನ್ನು ನೋಡಿದಳು. ಹೊಸ ರಬ್ಬರ್ ರಿಂಗನ್ನು ತುಟಿಯ ಮೇಲೆ ಎಳೆದು ನೋಡಿದಳು. ಬೆರಳಿಗೆ ತಿಳಿಯದ ಮರಳಿನ ಕಣ ತುಟಿಗೆ ತಿಳಿಯುತ್ತದೆ. ಹೌಸಿಂಗ್ ಮುಚ್ಚಿದಳು. ಕೊನೆಗೆ ಹಳೇ ಬನಿಯನ್ ಬಟ್ಟೆಯಿಂದ ಎರಡೂ ಸ್ಟ್ರೋಬುಗಳನ್ನು ಫಳಫಳ ಒರೆಸಿ, ಹಿಂಬದಿಯ ಗುಂಡಿಗಳನ್ನು ಎಡತುದಿಗೆ ತಿರುಗಿಸಿ ಇಟ್ಟಳು. ಸೊಸೆಯ ಸ್ಟ್ರೋಬನ್ನು ಒರೆಸಬೇಕಾದ್ದೇನೂ ಇರಲಿಲ್ಲ. ಆದರೆ ತನ್ನ ಮೇಜಿನಿಂದ ಕೊಳಕು ಸಾಮಾನು ಹೊರಗೆ ಹೋಯಿತು ಎಂದು ಯಾರೂ ಅನ್ನಬಾರದು, ಸೋಲುವ ಸಾಮಾನೇ ಆದರೂ.

ಜೆಟ್ಟಿಯ ಅಂಚಿನಲ್ಲಿ ಸೊಸೆ ಸಿಲಿಂಡರ್ ಹೊತ್ತು ನಿಂತು, ಫೋಟೋ ತೆಗೆಯುವ ಗುಂಡಿಯನ್ನು ಪಟಪಟನೆ ಎರಡು ಸಲ ಒತ್ತಿ ನೋಡಿದಳು. ಒಳ್ಳೆ ಬಿಸಿಲು. ಎರಡೂ ಕಡೆ ಮಿಂಚಿದ್ದು ಎಲ್ಲರಿಗೂ ಕಂಡಿತು.

“ಬರ್ತೀನಿ ಅತ್ತೆ.”

“ಹುಷಾರು. ಆ ದಾರ ಕಂಬಕ್ಕೆ ಸಿಕ್ಕಿಸ್ಕೊಂಡು ಅಲ್ಲೇ ನೇತಾಡ್ಬೇಡ.”

ಸೊಸೆ ನಕ್ಕು ನೀರಿಗೆ ಬಿದ್ದಳು. ಅವಳು ಕೆಳಗಿದ್ದ ಮೂವತ್ತೈದು ನಿಮಿಷವೂ ಬೆಸುಗೆಮ್ಮ ಜೆಟ್ಟಿ ಬಿಟ್ಟು ಕದಲಲಿಲ್ಲ. ಪಂದ್ಯದ ಚಿಂತೆಗಲ್ಲ. ಸೊಸೆ ನೀರಿನಡಿ ಇದ್ದಾಗ ಮೇಲೇಳುವ ಗುಳ್ಳೆಗಳನ್ನು ನೋಡುತ್ತ ನಿಲ್ಲುವುದು ಎಂಟು ವರ್ಷದ ರೂಢಿ. ಕೇಳಿದವರಿಗೆ ಗಾಳಿ ಕುಡಿಯೋಕೆ ನಿಂತಿದೀನಿ ಎನ್ನುತ್ತಿದ್ದಳು.

ಫೋಟೋಗಳನ್ನು ಶೆಡ್ಡಿನ ಕಂಪ್ಯೂಟರಿನಲ್ಲಿ ತೆರೆದಾಗ ಐದೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಕಂಬದ ಎಡಮಗ್ಗುಲು ನಲವತ್ತರಲ್ಲಿ ನಲವತ್ತೂ ಹೊಳೆಯುತ್ತಿತ್ತು. ತುಕ್ಕಿನ ಕೆಂಪು, ಕಪ್ಪೆಚಿಪ್ಪಿನ ಬಿಳಿ, ಒಂದೊಂದು ಗೆರೆಯೂ ಸ್ಪಷ್ಟ. ಬಲಮಗ್ಗುಲು ಇಪ್ಪತ್ತು ಫೋಟೋಗಳಲ್ಲಿ ಮಾತ್ರ ಬೆಳಗಿತ್ತು. ಉಳಿದ ಇಪ್ಪತ್ತರಲ್ಲಿ ಕಗ್ಗತ್ತಲೆ.

“ನಲವತ್ತಕ್ಕೆ ಇಪ್ಪತ್ತು,” ಎಂದರು ಇಂಜಿನಿಯರ್. “ಇನ್ನು ಮಾತಿಲ್ಲ. ತಂತಿನೇ ಇರಲಿ. ಮಧ್ಯಾಹ್ನ ಬರೆದು ಕಳಿಸ್ತೀನಿ.”

ಬೆಸುಗೆಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ಮುಚ್ಚಿಡುವುದು ಅವಳ ಜಾಯಮಾನವೂ ಅಲ್ಲ. ಶೆಡ್ಡಿನವರಿಗೆಲ್ಲ ಟೀ ತರಿಸಿದಳು. ಕಂಪ್ರೆಸರ್ ಎಲ್ಲಿ ಇಡ್ತೀರಿ ಎಂದು ಇಂಜಿನಿಯರರನ್ನು ಎರಡು ಸಲ ಕೇಳಿದಳು. ಮುಳುಗುಗಾರನೊಬ್ಬ, “ಇನ್ನು ನಿಮ್ಮನ್ನ ಹಿಡಿಯೋರಿಲ್ಲ ಬಿಡಿ,” ಎಂದಾಗ, “ಹಿಂದೆ ಯಾರು ಹಿಡಿದಿದ್ರಪ್ಪ?” ಎಂದಳು.

ಎಲ್ಲರೂ ಟೀಗೆ ಹೊರಗೆ ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು, ಗೆಲುವನ್ನು ಇನ್ನೊಂದು ಸಲ ಕಣ್ತುಂಬ ನೋಡುವುದಕ್ಕೆ. ಒಂದೊಂದೇ ಫೋಟೋ ಸರಿಸಿದಳು. ಒಂದನೆಯದು ಕತ್ತಲೆ. ಎರಡನೆಯದು ಬೆಳಕು. ಮೂರನೆಯದು ಕತ್ತಲೆ. ನಾಲ್ಕನೆಯದು ಬೆಳಕು. ಹತ್ತಕ್ಕೆ ಬರುವ ಹೊತ್ತಿಗೆ ಅವಳ ನಗು ಮಾಯವಾಗಿತ್ತು.

ಕೆಟ್ಟ ಜೋಡಣೆ ಹೇಗೆ ಕೈಕೊಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇ? ಅದಕ್ಕೆ ಲೆಕ್ಕ ಇರುವುದಿಲ್ಲ. ಎರಡು ಹೊಡೆಯುತ್ತದೆ, ಐದು ತಪ್ಪುತ್ತದೆ, ಮತ್ತೆ ಒಂದು ಹೊಡೆಯುತ್ತದೆ. ಹೀಗೆ ಒಂದು ಬಿಟ್ಟು ಒಂದು, ನಲವತ್ತರವರೆಗೂ ತಪ್ಪದೆ, ಯಾವ ಕೆಟ್ಟ ದಾರವೂ ಮಾಡುವುದಿಲ್ಲ. ಇದು ಕೆಟ್ಟ ಸಾಮಾನಲ್ಲ. ಯಾರೋ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಸಾಮಾನು.

ಎದ್ದು ಹಿತ್ತಿಲ ತೊಟ್ಟಿಗೆ ಹೋದಳು. ಉಪ್ಪು ಬಿಡಲೆಂದು ಹೌಸಿಂಗ್ ಅಲ್ಲಿ ಸಿಹಿನೀರಿನಲ್ಲಿ ಮುಳುಗಿತ್ತು. ತೋಳು ಮಡಚಿ ಬಲಗಡೆಯ ಸ್ಟ್ರೋಬನ್ನು ಎತ್ತಿ ಹಿಂಬದಿ ನೋಡಿದಳು. ಗುಂಡಿ ಎಡತುದಿಯಲ್ಲಿತ್ತು.

ಕೆಲವು ಕ್ಯಾಮೆರಾಗಳು ಒಂದು ಫೋಟೋಗೆ ಎರಡು ಸಲ ಮಿನುಗುತ್ತವೆ. ಮೊದಲನೆಯದು ಬೆಳಕು ಅಳೆಯಲು, ಎರಡನೆಯದು ನಿಜವಾದ ಫೋಟೋಗೆ. ಅಂಥವುಗಳಿಗಾಗಿಯೇ ಸ್ಟ್ರೋಬಿನಲ್ಲಿ ಆ ಗುಂಡಿ ಇರುವುದು. ಎಡಕ್ಕೆ ತಿರುಗಿಸಿದರೆ ಮೊದಲ ಮಿನುಗನ್ನು ಲೆಕ್ಕಕ್ಕೆ ಹಿಡಿಯಬೇಡ, ಎರಡನೆಯದಕ್ಕೆ ಹೊಡಿ ಎಂದು ಅರ್ಥ. ಬಲಕ್ಕೆ ತಿರುಗಿಸಿದರೆ ಮೊದಲನೆಯದಕ್ಕೇ ಹೊಡಿ ಎಂದು. ಸೊಸೆಯ ಕ್ಯಾಮೆರಾ ಮಿನುಗುತ್ತಿದ್ದದ್ದು ಒಂದೇ ಸಲ. ಸ್ಟ್ರೋಬ್ ಪಾಪ, ಮೊದಲ ಫೋಟೋದ ಮಿನುಗನ್ನು ಬಿಟ್ಟು, ಎರಡನೆಯ ಫೋಟೋದ ಮಿನುಗಿಗೆ ಹೊಡೆದಿತ್ತು. ಜೆಟ್ಟಿಯ ಮೇಲೆ ಪಟಪಟನೆ ಎರಡು ಸಲ ಒತ್ತಿದಾಗಲೂ ಅದು ಹೊಡೆದದ್ದು ಒಂದೇ ಸಲವಿರಬೇಕು. ಬಿಸಿಲಲ್ಲಿ ಯಾರು ಎಣಿಸುತ್ತಾರೆ?

ತಂತಿ ಹಾಕಿದ ಸ್ಟ್ರೋಬಿಗೆ ಆ ಗುಂಡಿಯಿಂದ ಆಗಬೇಕಾದ್ದು ಏನೂ ಇಲ್ಲ. ಹಾಗಾಗಿ ಇಪ್ಪತ್ತಾರು ವರ್ಷದಿಂದ ಬೆಸುಗೆಮ್ಮ ಒರೆಸಿದ ಸ್ಟ್ರೋಬುಗಳ ಗುಂಡಿಯನ್ನು ಎಡಕ್ಕೆ ತಳ್ಳಿ ಇಡುತ್ತ ಬಂದಿದ್ದಳು, ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು. ಇವತ್ತು ಬೆಳಿಗ್ಗೆಯೂ ಅದೇ ಮಾಡಿದ್ದಳು. ಮನಸ್ಸು ಮಾಡಿದ್ದಲ್ಲ, ಕೈ ಮಾಡಿದ್ದು. ಆದರೆ ಆ ಕೈ ಅವಳದೇ.

ಸುತ್ತ ಯಾರೂ ಇರಲಿಲ್ಲ. ಗುಂಡಿಯನ್ನು ಬಲಕ್ಕೆ ಒಂದು ಸಲ ಕಟಕ್ಕೆನಿಸಿ ಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇಜು ಉಳಿಯುತ್ತಿತ್ತು. ಇಂಜಿನಿಯರಿಗೆ ಇದೆಲ್ಲ ತಲೆಗೆ ಹೋಗುವಂಥದ್ದಲ್ಲ. ಬೆಸುಗೆಮ್ಮ ಸ್ಟ್ರೋಬ್ ಹಿಡಿದುಕೊಂಡೇ ನಿಂತಳು. ಗುಂಡಿ ಮಾಡಿದವನನ್ನು ಬೈದಳು. ಎರಡು ಸಲ ಮಿನುಗುವ ಕ್ಯಾಮೆರಾ ಕಂಡುಹಿಡಿದವನನ್ನು ಬೈದಳು.

ಅಷ್ಟರಲ್ಲಿ ಸೊಸೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಕೂದಲು ಇನ್ನೂ ಒದ್ದೆ.

“ದಾರದ ತುದಿ ನಾನೇ ಸರಿಯಾಗಿ ಸಿಕ್ಕಿಸಿಲ್ಲ ಅನ್ಸುತ್ತೆ ಅತ್ತೆ. ಸುಮ್ನೆ ಹಟ ಮಾಡ್ದೆ. ನೀವು ಹೇಳಿದ್ದೇ ಸರಿ.”

ನೀವು ಹೇಳಿದ್ದೇ ಸರಿ. ಈ ಮಾತನ್ನು ಸೊಸೆಯ ಬಾಯಿಂದ ಕೇಳಬೇಕೆಂದು ಬೆಸುಗೆಮ್ಮ ಎಂಟು ವರ್ಷ ಕಾದಿದ್ದಳು. ಮದುವೆಯಾದ ಹೊಸತರಲ್ಲಿ ಅನ್ನದ ನೀರಿನ ಅಳತೆಯಿಂದ ಹಿಡಿದು ನಿನ್ನೆಯ ಕಿಟಕಿ ಪರದೆಯವರೆಗೆ ಒಂದೇ ಒಂದು ಸಲ ಬಂದಿರಲಿಲ್ಲ. ಈಗ ಬಂತು, ಬರಬಾರದ ಹೊತ್ತಲ್ಲಿ ಬಂತು, ಸುಳ್ಳಾಗಿ ಬಂತು. ಅವಳಿಗೆ ಅಳುವೇ ಬಂದಂತಾಯಿತು. ಅಳು ಬಂದಾಗ ಸಿಟ್ಟಾಗುವುದು ಅವಳ ಅಭ್ಯಾಸ.

“ಏಳು ಮೇಲೆ! ಇಷ್ಟು ಬೇಗ ಸೋತೆ ಅಂತ ಒಪ್ಕೊಳ್ಳೋಳು ಸಮುದ್ರಕ್ಕೆ ಯಾಕೆ ಇಳೀತೀಯಾ? ದಾರ ನೆಟ್ಟಗೇ ಸಿಕ್ಕಿಸಿದೀಯ. ಫೋಟೋ ಒಂದು ಬಿಟ್ಟು ಒಂದು ಕತ್ತಲೆ ಆಗಿದೆ, ನೋಡಿದ್ಯಾ? ಈ ಗುಂಡಿ ನೋಡು. ಎಡಕ್ಕಿದೆ. ಬೆಳಿಗ್ಗೆ ಒರೆಸಿ ನಾನೇ ತಿರುಗಿಸಿಟ್ಟೆ.”

ಸೊಸೆ ಗುಂಡಿಯನ್ನು ನೋಡಿದಳು. ಅತ್ತೆಯ ಮುಖವನ್ನು ನೋಡಿದಳು.

“ಬೇಕಂತ ಮಾಡಿದ್ರಾ?”

“ಬೇಕಂತ ಮಾಡಿದ್ರೆ ನಿಂಗೆ ಹೇಳ್ತಿದ್ನಾ? ಬೇಕಂತ ಸೋಲಿಸೋದಾದ್ರೆ ಇದಕ್ಕಿಂತ ಚೆನ್ನಾಗಿ ಸೋಲಿಸ್ತಿದ್ದೆ.”

ಸೊಸೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ, “ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅತ್ತೆ,” ಎಂದಳು.

“ನಂಗೆ ಗೊತ್ತಾಗಿದೆಯಲ್ಲ. ಇಷ್ಟು ವರ್ಷ ಈ ಶೆಡ್ಡಲ್ಲಿ ಯಾವುದು ಯಾಕೆ ಕೆಟ್ಟಿತು ಅಂತ ನಾನು ಹೇಳಿದ್ದೇ ಕೊನೇ ಮಾತು. ಇವತ್ತು ನನ್ನ ಮೇಜು ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದ್ರೆ, ನಾಳೆಯಿಂದ ಆ ಮೇಜಿಗೆ ಕೂತು ಏನು ಮಾಡ್ಲಿ? ಬಾ ಒಳಗೆ.”

ಇಂಜಿನಿಯರ್ ಇನ್ನೂ ಟೀ ಕುಡಿಯುತ್ತಿದ್ದರು. ಬೆಸುಗೆಮ್ಮ ಶೆಡ್ಡಿನವರೆಲ್ಲರಿಗೂ ಕೇಳುವಂತೆ ಹೇಳಿದಳು. ತಪ್ಪು ಒಪ್ಪಿಕೊಳ್ಳುವವರ ದನಿ ಅದಾಗಿರಲಿಲ್ಲ. ಬೇರೆಯವರ ತಪ್ಪು ಹಿಡಿದವರ ದನಿ.

“ಬೆಳಿಗ್ಗೆ ಆಗಿದ್ದು ಪಂದ್ಯ ಅಲ್ಲ ಸಾಹೇಬ್ರೇ. ಬಲಗಡೆ ಸ್ಟ್ರೋಬಿನ ಗುಂಡಿ ನಾನು ತಿರುಗಿಸಿಬಿಟ್ಟಿದ್ದೆ. ಅದಕ್ಕೇ ಒಂದು ಬಿಟ್ಟು ಒಂದು ಕತ್ತಲೆ. ಮಧ್ಯಾಹ್ನ ಮತ್ತೆ ಇಳೀತಾಳೆ. ಅಲ್ಲೀವರೆಗೂ ನಿಮ್ಮ ಕಾಗದ ಹಾಗೇ ಇರ್ಲಿ.”

“ಅಮ್ಮ, ನೀವು ಗೆದ್ದಿದೀರಿ,” ಎಂದರು ಇಂಜಿನಿಯರ್, ಅರ್ಥವಾಗದೆ.

“ಗೆದ್ದಿಲ್ಲ ಅಂತಾನೇ ಹೇಳ್ತಿರೋದು.”

ಊಟವಾದ ಮೇಲೆ ಮತ್ತೆ ಅಣಿ ಮಾಡಲು ಕೂತರು. ಬೆಸುಗೆಮ್ಮ ಈಗ ಮೊದಲ ಸಲ ಫೈಬರ್ ದಾರವನ್ನು ಭೂತಗನ್ನಡಿಯಲ್ಲಿ ಸರಿಯಾಗಿ ನೋಡಿದಳು. ನೋಡಿ, ಹಣೆ ಚಚ್ಚಿಕೊಂಡಳು.

“ಇದನ್ನ ಯಾವುದರಲ್ಲಿ ಕತ್ತರಿಸಿದೆ?”

“ಕತ್ತರಿಯಲ್ಲಿ.”

“ಯಾವ ಕತ್ತರಿ?”

“ಅಡುಗೆಮನೇದು.”

“ತುದಿ ಸೊಪ್ಪು ಕೊಚ್ಚಿದ ಹಾಗಿದೆ! ಇಷ್ಟು ಒರಟಾದ ಬಾಯಲ್ಲಿ ಬೆಳಕು ಹೇಗೆ ಒಳಗೆ ಹೋಗ್ಬೇಕು? ಅರ್ಧ ಆಚೆಗೇ ಚೆಲ್ಲಿ ಹೋಗುತ್ತೆ.” ಹೊಸ ಬ್ಲೇಡು ತೆಗೆದು, ದಾರವನ್ನು ಗಾಜಿನ ತುಂಡಿನ ಮೇಲೆ ನೆಟ್ಟಗೆ ಇಟ್ಟು, ಉಸಿರು ಬಿಗಿಹಿಡಿದು ಒಂದೇ ಒತ್ತಿಗೆ ಕತ್ತರಿಸಿದಳು. ತುದಿ ಕನ್ನಡಿಯಾಗಿ ಹೊಳೆಯಿತು. ಇನ್ನೊಂದು ತುದಿಗೂ ಹಾಗೇ ಮಾಡಿದಳು.

“ನಿಮ್ಮ ಎದುರಾಳಿದು ಅದು,” ಎಂದಳು ಸೊಸೆ. “ಯಾಕೆ ಇಷ್ಟು ಚೆನ್ನಾಗಿ ಮಾಡ್ತಿದೀರಿ?”

“ಸೋತ್ರೆ ಸರಿಯಾದ ಸಾಮಾನಿಗೆ ಸೋಲ್ಬೇಕು. ಅಡುಗೆಮನೆ ಕತ್ತರಿಗಲ್ಲ.”

ಗುಂಡಿಯನ್ನು ಬಲಕ್ಕೆ ತಿರುಗಿಸಿದ್ದು ಸೊಸೆ. ತಿರುಗಿದೆಯೇ ಎಂದು ಎರಡು ಸಲ ನೋಡಿದ್ದು ಅತ್ತೆ. ಈ ಸಲ ಜೆಟ್ಟಿಯ ಮೇಲೆ ಒಂದೊಂದಾಗಿ ಒತ್ತಿ, ತನ್ನ ಸೆರಗನ್ನು ನೆರಳಿಗೆ ಹಿಡಿದು, ಒಂದೊಂದು ಮಿಂಚನ್ನೂ ಎಣಿಸಿಯೇ ಬೆಸುಗೆಮ್ಮ ಸೊಸೆಯನ್ನು ಇಳಿಯಲು ಬಿಟ್ಟಳು.

ಮೂವತ್ತೈದು ನಿಮಿಷ ಗುಳ್ಳೆಗಳನ್ನು ನೋಡುತ್ತ ನಿಂತಾಗ ಬೆಸುಗೆಮ್ಮನಿಗೆ ಮೇಜಿನ ನೆನಪು ಬಂತು. ಸಂಕಟವಾಯಿತು. ಆದರೂ ಕೆಳಗೆ ಆ ದಾರ ಕೈಕೊಡಲಿ ಎಂದು ಅವಳ ಮನಸ್ಸಿಗೆ ಒಮ್ಮೆಯೂ ಬರಲಿಲ್ಲ. ತಾನು ಕತ್ತರಿಸಿದ ತುದಿ ಕೈಕೊಡುವುದೇ? ಆ ಯೋಚನೆಯೇ ಅವಮಾನ.

ಫೋಟೋ ತೆರೆದರು. ಎಡಕ್ಕೆ ನಲವತ್ತು. ಬಲಕ್ಕೂ ನಲವತ್ತು.

“ಸಮ ಆಯ್ತಲ್ಲ,” ಎಂದರು ಇಂಜಿನಿಯರ್, ತಲೆ ಕೆರೆದುಕೊಳ್ಳುತ್ತ. “ಈಗೇನು ಮಾಡೋದು?”

ಸೊಸೆ ನೆಲ ನೋಡುತ್ತಿದ್ದಳು. ಹೇಳಬೇಕಾದವಳು ತಾನೇ ಎಂದು ಬೆಸುಗೆಮ್ಮನಿಗೆ ತಿಳಿಯಿತು.

“ಏನು ಸಮ? ತೂತು ಕೊರೆದು ಮಾಡೋ ಕೆಲಸ, ತೂತಿಲ್ಲದೆ ಅಷ್ಟೇ ಚೆನ್ನಾಗಿ ಆಗೋದಾದ್ರೆ, ಇನ್ನು ತೂತು ಯಾಕೆ ಕೊರೀಬೇಕು? ಮನೆ ಮಗಳು ಹದಿನೆಂಟು ಮೀಟರ್ ಕೆಳಗಿರ್ತಾಳೆ. ಬೆಳಕಿನ ದಾರ ಅಂತ ಬರ್ಕೊಳ್ಳಿ.”

ಹೇಳಿ ತನ್ನ ಮೇಜಿನ ಕಡೆ ತಿರುಗಿ, ಸೋಲ್ಡರಿಂಗ್ ಐರನ್ನಿನ ಪ್ಲಗ್ ಕಿತ್ತು ವೈರ್ ಸುತ್ತತೊಡಗಿದಳು. ಕಣ್ಣು ಮಂಜಾಗಿತ್ತು.

ಇಂಜಿನಿಯರ್ ಕಾಗದ ಎಳೆದುಕೊಂಡರು. ಕೆಲಸದ ಮಾತಿಗೆ ಹೋದರು.

“ಇನ್ನು ನಲವತ್ತೊಂದು ಕಂಬ ಇದೆ. ನಿಮಗೆ ಏನೇನು ಬೇಕು ಹೇಳಮ್ಮ, ಬರ್ಕೊಳ್ತೀನಿ,” ಎಂದು ಸೊಸೆಯನ್ನು ಕೇಳಿದರು.

“ಸ್ಟ್ರೋಬ್ ಎರಡು,” ಎಂದಳು ಸೊಸೆ. “ಬೆಳಕಿನ ದಾರ ಎರಡು. ಒಂದು ಹೆಚ್ಚಿಗೆ ದಾರ.”

“ಹ್ಞಾ. ಆಮೇಲೆ?”

“ಅತ್ತೆ.”

ಇಂಜಿನಿಯರ್ ಪೆನ್ನು ನಿಲ್ಲಿಸಿದರು. “ಅತ್ತೇನಾ?”

“ಅತ್ತೆ ಒಬ್ರು, ಮೇಜಿನ ಸಮೇತ. ದಾರದ ತುದಿ ಕತ್ತರಿಸೋಕೆ, ಹೌಸಿಂಗ್ ಮುಚ್ಚೋಕೆ, ಏನಾದ್ರೂ ಕೆಟ್ರೆ ಯಾಕೆ ಕೆಟ್ಟಿತು ಅಂತ ನಿಜ ಹೇಳೋಕೆ. ಅವರು ಮುಚ್ಚಿದ ಪೆಟ್ಟಿಗೆ ಕೈಯಲ್ಲಿದ್ರೆ ಕೆಳಗಡೆ ನಂಗೆ ಭಯ ಆಗಲ್ಲ ಸಾರ್. ಅವರು ಇಲ್ಲ ಅಂದ್ರೆ ನಾನು ಇಳಿಯಲ್ಲ.”

ಬೆಸುಗೆಮ್ಮನ ಕೈಯಲ್ಲಿ ಅರ್ಧ ಸುತ್ತಿದ ವೈರ್ ಹಾಗೇ ಉಳಿಯಿತು. ಎಂಟು ವರ್ಷದಲ್ಲಿ ಈ ಹುಡುಗಿ ಭಯ ಎಂಬ ಮಾತನ್ನೇ ಬಾಯಲ್ಲಿ ತಂದಿರಲಿಲ್ಲ. ಕೆಳಗೆ ಅವಳಿಗೂ ಭಯವಾಗುತ್ತದೆ ಎಂದು ಬೆಸುಗೆಮ್ಮ ಯೋಚಿಸಿಯೂ ಇರಲಿಲ್ಲ.

ಇಂಜಿನಿಯರ್ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ, ತಲೆ ಬಗ್ಗಿಸಿ ಬರೆದುಕೊಂಡರು. ಬೆಸುಗೆಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವರ ಹೆಗಲ ಮೇಲಿಂದ ಬಗ್ಗಿ ಪಟ್ಟಿಯನ್ನು ಓದಿದಳು.

“ನಾಲ್ಕನೇ ಸಾಲಲ್ಲಿ ಬರೆದಿದೀರಲ್ಲ ನನ್ನ,” ಎಂದಳು. “ಹೊಡೆದುಹಾಕಿ. ಮೊದಲು ನನ್ನ ಬರೀರಿ, ದಾರ ಆಮೇಲೆ.”